ನಲವತ್ತೊಂದು ಚೀಟಿಗಳ ಮೇಲೆ ನನ್ನ ಸಹಿ

ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಕೈಗೊಂದು ಕೆಂಪು ಬಲೂನು ಕೊಟ್ಟು, "ನಿಮ್ಮ ಭಯವನ್ನೆಲ್ಲ ಇದರೊಳಗೆ ಊದಿಬಿಡಿ ಸರ್" ಎಂದರು. ಕಳೆದ ನವೆಂಬರಿನಲ್ಲಿ, ಹಾಸನದ ಒಂದು ತರಬೇತಿ ಹಾಲಿನಲ್ಲಿ. ಎಲ್ಲ ತಾಲ್ಲೂಕುಗಳಿಂದ ಬಂದ ಹೈಸ್ಕೂಲು ಮೇಷ್ಟ್ರುಗಳು ಸಾಲಾಗಿ ಕುಳಿತು ಕೆನ್ನೆ ಉಬ್ಬಿಸಿಕೊಂಡು ಊದಿದೆವು. ನನ್ನ ಪಕ್ಕದಲ್ಲಿ ಅರಕಲಗೂಡಿನ ಕಡೆಯ ಹಿಂದಿ ಮೇಷ್ಟ್ರೊಬ್ಬರಿದ್ದರು. ಅವರು ತಮ್ಮ ಬಲೂನನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟು, "ನಂದೂ ನೀವೇ ಊದ್ಬುಡಿ ಸಾ. ಹಾರ್ಟಿಗೆ ಸ್ಟೆಂಟ್ ಹಾಕವ್ರೆ, ಆಯಾಸ ಮಾಡ್ಕಬ್ಯಾಡಿ ಅಂದವ್ರೆ ಡಾಕ್ಟ್ರು" ಎಂದರು. ಹೀಗೆ ನಾನು ಅವತ್ತು ಇಬ್ಬರ ಭಯ ಊದಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಒಡೆಯಬೇಕೆಂದು ಅಪ್ಪಣೆಯಾಯಿತು. ಒಡೆದೆವು. ಪಕ್ಕದ ಕೋಣೆಯ ಗುಮಾಸ್ತರು ಗಾಬರಿಯಿಂದ ಬಾಗಿಲಿಗೆ ಓಡಿ ಬಂದು, ಒಳಗಿರುವವರು ಮೇಷ್ಟ್ರುಗಳು ಎಂದು ತಿಳಿದ ಮೇಲೆ ಸುಮ್ಮನೆ ಹಿಂದಿರುಗಿದರು.

ವಿಷಯ ಇಷ್ಟು. ಅರ್ಧವಾರ್ಷಿಕ ಪರೀಕ್ಷೆ ಮುಗಿದು, ದಸರಾ ರಜೆ ಕಳೆದು, ದೀಪಾವಳಿಯೂ ಆದ ಮೇಲೆ ಹೈಸ್ಕೂಲು ಮಕ್ಕಳು ಮಂಕಾಗಿರುತ್ತಾರಂತೆ. ಕಡಿಮೆ ಅಂಕ ತೆಗೆದವರು ಕುಗ್ಗಿಹೋಗಿರುತ್ತಾರಂತೆ. ಅವರಿಗೆ ವರ್ಷದ ನಡುವೆ ಹೊಸದಾಗಿ ಆರಂಭಿಸುವ ಹುಮ್ಮಸ್ಸು ತುಂಬಬೇಕು, ಅದಕ್ಕೆ ಒಂದು ವಾರದ ಚಟುವಟಿಕೆ. ಮೊದಲ ದಿನ ಉಸಿರಾಟ. ಎರಡನೆಯ ದಿನ ಬಲೂನು. ಮೂರನೆಯ ದಿನ ಕೃತಜ್ಞತೆಯ ಮರ. ನಾಲ್ಕನೆಯ ದಿನ ಮನಸ್ಸಿನ ಪೆಟ್ಟಿಗೆ. ಐದನೆಯ ದಿನ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಹೊಗಳಿಕೊಳ್ಳುವುದು. ಆರನೆಯ ದಿನ ಫೋಟೊ ಸಮೇತ ವರದಿ. ಆರನೆಯ ದಿನದ ಮಾತು ಬಂದಾಗ ಮಾತ್ರ ಹಾಲಿನಲ್ಲಿದ್ದವರೆಲ್ಲ ಜೇಬಿನಿಂದ ಪೆನ್ನು ತೆಗೆದರು. ಆ ಕಾರ್ಯಕ್ರಮಕ್ಕೆ ಒಂದು ಉದ್ದನೆಯ ಹೆಸರಿತ್ತು. ನಮ್ಮ ಶಾಲೆಯಲ್ಲಿ ಯಾರೂ ಅದನ್ನು ಬಾಯಿಪಾಠ ಮಾಡಲಿಲ್ಲ, ಬಲೂನಿನ ವಾರ ಎಂದೇ ಕರೆದೆವು.

ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ. ನಮ್ಮನ್ನೆಲ್ಲ 'ಫ್ರೆಂಡ್ಸ್' ಎಂದು ಕರೆಯುತ್ತಿದ್ದಳು. ಇಪ್ಪತ್ನಾಲ್ಕು ವರ್ಷ ಗಣಿತ ಹೇಳಿ, ಸೀಮೆಸುಣ್ಣದ ಪುಡಿ ನುಂಗಿ, ಗಂಟಲು ಹರಿದುಕೊಂಡ ನನಗೆ ಇವಳು ಉಸಿರಾಡುವುದನ್ನು ಕಲಿಸಲು ಬಂದಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಮಕ್ಕಳ ಕ್ಷೇಮ ಎಂದರೆ ನನ್ನ ಲೆಕ್ಕದಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕ ಇರುವುದು, ಬೆಳಗಿನ ಬಸ್ಸು ನಿಲ್ಲಿಸಿ ಹತ್ತಿಸಿಕೊಳ್ಳುವುದು, ಬಿಸಿಯೂಟದ ಸಾರಿನಲ್ಲಿ ಬೇಳೆ ಕಾಣುವುದು. ಇವ್ಯಾವುದಕ್ಕೂ ಬಲೂನು ಬೇಕಾಗಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿಂದಿ ಮೇಷ್ಟ್ರ ಕಿವಿಯಲ್ಲಿ ಹೇಳಿದೆ, ಅವರು ಬಾಯಿಗೆ ಕರ್ಚೀಫು ಅಡ್ಡ ಹಿಡಿದು ನಕ್ಕರು. ಊಟದ ಹೊತ್ತಾಗುತ್ತಾ ಬಂದಾಗ ಆ ಹುಡುಗಿ, "ಬೇರೆ ಯಾವುದು ಬಿಟ್ಟರೂ ಪರವಾಗಿಲ್ಲ ಫ್ರೆಂಡ್ಸ್. ಪೆಟ್ಟಿಗೆಯ ಚೀಟಿಗಳನ್ನು ಮಾತ್ರ ಅವತ್ತೇ ಓದಿ. ಒಬ್ಬರೇ ಕೂತು ಓದಿ" ಎಂದಳು. ನಾನಾಗ ಕಿಟಕಿಯಲ್ಲಿ ಬಗ್ಗಿ, ಊಟಕ್ಕೆ ಹೋಳಿಗೆ ಇದೆ ಎಂಬ ಸುದ್ದಿ ನಿಜವೋ ಸುಳ್ಳೋ ಎಂದು ನೋಡುತ್ತಿದ್ದೆ. ನಿಜವಿತ್ತು.

ನಮ್ಮ ಶಾಲೆ ಹೊಳೆನರಸೀಪುರ ತಾಲ್ಲೂಕಿನಲ್ಲಿದೆ. ಊರಿನ ಹೆಸರು ಹೇಳಿದರೆ ನಾಳೆ ನನಗೇ ನೋಟಿಸು ಬರುತ್ತದೆ, ಆದ್ದರಿಂದ ಬೇಡ. ನಾನು ಹಾಸನದಿಂದ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು, ಅಲ್ಲಿ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿಟ್ಟಿರುವ ಬೈಕು ಹತ್ತಿ ಶಾಲೆಗೆ ಹೋಗುತ್ತೇನೆ. ಬಲೂನಿನ ವಾರದ ಉಸ್ತುವಾರಿ ನನ್ನ ತಲೆಗೆ ಬಂದದ್ದು ಆ ಬಸ್ಸಿನ ದೆಸೆಯಿಂದಲೇ. ಸುತ್ತೋಲೆ ಬಂದ ದಿನ ಬಸ್ಸು ಕೆಟ್ಟು ನಿಂತು, ನನಗೆ ಶಿಕ್ಷಕರ ಸಭೆ ತಪ್ಪಿತು. ಸಭೆಯಲ್ಲಿ ಇಲ್ಲದವನ ಹೆಸರು ಬರೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಿಂದೆ ನಾನೂ ಬೇರೆಯವರ ಹೆಸರು ಬರೆಸಿದ್ದೇನೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಅರ್ಧವಾರ್ಷಿಕ ಮುಗಿದ ಕೂಡಲೇ ಹತ್ತನೆಯ ತರಗತಿಯ ಮಕ್ಕಳನ್ನು ಅಂಕಗಳ ಮೇಲೆ ಎ, ಬಿ, ಸಿ ಎಂದು ವಿಂಗಡಿಸುತ್ತೇವೆ. ಎ ಮತ್ತು ಬಿ ದೊಡ್ಡ ಕೋಣೆಯಲ್ಲಿ ಕೂತು ಪೂರ್ತಿ ಪಾಠ ಕೇಳುತ್ತಾರೆ. ಸಿ ಮಕ್ಕಳು ಹಳೆಯ ಪ್ರಯೋಗಶಾಲೆಗೆ ಹೋಗುತ್ತಾರೆ. ಅಲ್ಲಿ ಸಿಂಕಿನ ತುಂಬ ಖಾಲಿ ಚಾಕ್‌ಪೀಸ್ ಡಬ್ಬಿಗಳು, ಗೋಡೆಯ ಮೇಲೆ ಕರುಳಿನ ಭಾಗವನ್ನು ಗೆದ್ದಲು ತಿಂದ ಮನುಷ್ಯನ ಚಿತ್ರಪಟ. ಅಲ್ಲಿ ಅವರಿಗೆ ಕೊಡುವುದಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಗಣಿತದಲ್ಲಾದರೆ ಒಂದು ನಕ್ಷೆ, ಒಂದು ಪ್ರಮೇಯ, ಸರಾಸರಿಯ ಲೆಕ್ಕ, ಸೂತ್ರಗಳ ಪಟ್ಟಿ. ಇಷ್ಟನ್ನೇ ಮಾರ್ಚ್‌ವರೆಗೆ ತಿದ್ದಿಸಿ ತಿದ್ದಿಸಿ ಪಾಸು ಮಾಡಿಸುವುದು. ಉಳಿದ ಪಾಠಗಳ ಹೆಸರನ್ನೂ ಅವರ ಮುಂದೆ ಎತ್ತುವುದಿಲ್ಲ. ಬೆಳಗಿನ ಪೀರಿಯಡ್ಡುಗಳಲ್ಲಿ ನಾನು ದೊಡ್ಡ ಕೋಣೆಯಲ್ಲಿದ್ದರೆ ಅವರು ಡ್ರಿಲ್ ಮೇಷ್ಟ್ರ ಕಾವಲಿನಲ್ಲಿ ಪ್ರಶ್ನೆಗಳನ್ನು ನಕಲು ಮಾಡುತ್ತಿರುತ್ತಾರೆ. ಸಂಜೆಯ ಎರಡು ಪೀರಿಯಡ್ಡು ನಾನು ಅಲ್ಲಿಗೆ ಹೋಗುತ್ತೇನೆ.

ಹೋದ ಅಕ್ಟೋಬರಿನಲ್ಲಿ ಸಿ ಪಟ್ಟಿ ತಯಾರಾದಾಗ ಅದರಲ್ಲಿ ಹನ್ನೆರಡು ಹೆಸರಿದ್ದವು. ಒಂಬತ್ತು ಹೆಸರು ಊರಾಚೆಯ ಒಂದೇ ಬೀದಿಯವು. ಆ ಮಾತನ್ನು ಯಾರೂ ಆಡಲಿಲ್ಲ. ಊರೊಳಗೆ ತೆಂಗಿನ ತೋಟ, ಗದ್ದೆ ಇರುವವರ ಮನೆತನದಲ್ಲೇ ಹುಟ್ಟಿದ ನಾನೂ ಆಡಲಿಲ್ಲ. ಅಂಕ ತಾನೇ, ಅಂಕಕ್ಕೆ ಬೀದಿ ಗೊತ್ತಿರುವುದಿಲ್ಲ ಎಂದುಕೊಂಡೆ. ಹೀಗೆ ಅಂದುಕೊಳ್ಳುವುದು ಸುಲಭ.

ಆ ಒಂಬತ್ತರಲ್ಲಿ ಒಬ್ಬಳು ಹುಡುಗಿ ಆ ಪಟ್ಟಿಯಲ್ಲಿ ಇರಬೇಕಾದವಳೇ ಅಲ್ಲ. ಒಂಬತ್ತನೆಯ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಏಳು ಸಾಲಿನಲ್ಲಿ ಬಿಡಿಸಿದ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಬಿಡಿಸಿ, "ಇಂಗೂ ಬತ್ತದಲ್ವ ಸಾ?" ಎಂದು ಕೇಳಿದವಳು ಅವಳು. ಸೆಪ್ಟೆಂಬರಿನಲ್ಲಿ ಅವಳ ತಾಯಿಗೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ತಂದೆ ಗಾರೆ ಕೆಲಸದವನು, ದುಡಿಮೆ ಬಿಡುವಂತಿರಲಿಲ್ಲ. ಮಗಳೇ ಮೂರು ವಾರ ಆಸ್ಪತ್ರೆಯಲ್ಲಿ ಉಳಿದು ನೋಡಿಕೊಂಡು, ಅಲ್ಲಿಂದ ನೇರವಾಗಿ ಪರೀಕ್ಷೆಗೆ ಬಂದು ಕೂತಳು. ಗಣಿತದಲ್ಲಿ ಎಂಬತ್ತಕ್ಕೆ ಹದಿನೇಳು ಬಂತು. ಪಟ್ಟಿ ಮಾಡುವ ದಿನ ಹೆಡ್ ಮಾಸ್ಟರರ ಕೋಣೆಯಲ್ಲಿ ಹದಿನೇಳು ಎಂದು ಓದಿ ಹೇಳಿದವನು ನಾನೇ. ಕಾರಣ ನನಗೆ ಗೊತ್ತಿತ್ತು. ಓದಿ ಹೇಳಿ, ಮುಂದಿನ ಹೆಸರಿಗೆ ಹೋದೆ.

ಸಿ ಮಕ್ಕಳನ್ನು ಮೇಷ್ಟ್ರುಗಳು ದತ್ತು ತೆಗೆದುಕೊಳ್ಳಬೇಕೆಂದೂ ಇದೆ. ದತ್ತು ಎಂದರೆ ಮತ್ತೇನಿಲ್ಲ, ಬೆಳಗಿನ ಐದು ಗಂಟೆಗೆ ಫೋನು ಮಾಡಿ ಎಬ್ಬಿಸುವುದು. ನನ್ನ ಪಾಲಿಗೆ ಬಂದ ಮೂವರಲ್ಲಿ ಈ ಹುಡುಗಿಯೂ ಒಬ್ಬಳು. ಮೊದಲ ದಿನ ನಾನು ಅಲಾರಾಂ ಇಟ್ಟುಕೊಂಡು, ಕಣ್ಣು ಬಿಡಲಾಗದೆ, ಹೊದಿಕೆಯೊಳಗಿಂದಲೇ ಫೋನು ಮಾಡಿದೆ. ತಾಯಿ ಎತ್ತಿಕೊಂಡಳು. ಹಿಂದೆ ಹಂಡೆಗೆ ನೀರು ಸುರಿಯುವ ಸದ್ದು.

"ಎದ್ದವ್ಳೆ ಸಾ. ನಾಕ್ಗಂಟೆಗೇ ಎದ್ದು ಓದ್ತಾವ್ಳೆ," ಎಂದಳು. ನನ್ನ ದನಿ ಅವಳಿಗೆ ಎಲ್ಲವನ್ನೂ ಹೇಳಿರಬೇಕು. "ನೀವು ಮಲಿಕ್ಕಳಿ ಸಾ," ಎಂದು ಫೋನಿಟ್ಟಳು.

ಮಲಗಿಕೊಂಡೆ. ಮರುದಿನದಿಂದ ಫೋನು ಮಾಡದೆಯೇ ರಿಜಿಸ್ಟರಿನಲ್ಲಿ ಕರೆ ಮಾಡಲಾಗಿದೆ ಎಂದು ಬರೆದೆ.

ಬಲೂನಿನ ವಾರ ಸೋಮವಾರ ಶುರುವಾಯಿತು. ಉಸಿರಾಟದ ದಿನ ಡ್ರಿಲ್ ಮೇಷ್ಟ್ರು ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿ, "ಎಳ್ಕಳಿ... ಬುಡಿ... ಎಳ್ಕಳಿ... ಬುಡಿ..." ಎಂದು ಹಗ್ಗಜಗ್ಗಾಟದ ದನಿಯಲ್ಲಿ ಕೂಗಿದರು. ಪಕ್ಕದ ಗದ್ದೆಯಲ್ಲಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಬಲೂನಿನ ದಿನ ಎರಡು ಪ್ಯಾಕೆಟ್ ಬಲೂನಿನಲ್ಲಿ ಅರ್ಧದಷ್ಟು ಊದುವ ಮೊದಲೇ ಮಾಯವಾದವು. ಕೃತಜ್ಞತೆಯ ದಿನ ಪ್ರತಿ ಮಗುವೂ ಹಸಿರು ಕಾಗದದ ಎಲೆಯ ಮೇಲೆ ತನಗೆ ಉಪಕಾರ ಮಾಡಿದವರ ಹೆಸರು ಬರೆಯಬೇಕಿತ್ತು. ಹೆಡ್ ಮಾಸ್ಟರು ಅಲ್ಲೇ ಬೆನ್ನ ಹಿಂದೆ ಕೈ ಕಟ್ಟಿ ಓಡಾಡುತ್ತಿದ್ದುದರಿಂದ ಮುಕ್ಕಾಲು ಪಾಲು ಎಲೆಗಳ ಮೇಲೆ ಅವರ ಹೆಸರೇ ಬಂತು. ಪ್ರತಿಯೊಂದಕ್ಕೂ ನಾನು ಮೊಬೈಲು ಎತ್ತಿ, ಊರು, ದಿನ, ಗಂಟೆ ಅಚ್ಚಾಗುವ ಹಾಗೆ ಫೋಟೊ ತೆಗೆದು ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಬೇರೆ ಶಾಲೆಗಳ ಫೋಟೊಗಳೂ ಅಲ್ಲಿ ಬಂದು ಬೀಳುತ್ತಿದ್ದವು. ಎಲ್ಲ ಫೋಟೊಗಳಲ್ಲೂ ಮಕ್ಕಳು ಮೇಷ್ಟ್ರ ಕಡೆ ಒಂದು ಕಣ್ಣಿಟ್ಟು ನಗುತ್ತಿದ್ದರು.

ನನಗೆ ಇದರಿಂದ ಒಂದು ಬಗೆಯ ಸಂತೋಷವೇ ಆಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ತಿರಸ್ಕಾರದಲ್ಲಿ ಒಂದು ರುಚಿಯಿದೆ. ಸಂಜೆ ಬಸ್ಸಿನಲ್ಲಿ ಕೂತು ಆ ದಿನದ ನಗೆಪಾಟಲನ್ನು ಪಕ್ಕದವರಿಗೆ ಹೇಳಿ ನಗಿಸುತ್ತಾ ಹಾಸನ ಮುಟ್ಟುವುದು ನನಗೆ ಅಭ್ಯಾಸವಾಯಿತು. ಈ ದೇಶದಲ್ಲಿ ಎಲ್ಲವನ್ನೂ ಕಂಡವನು ನಾನೊಬ್ಬನೇ ಎಂಬಂತೆ ಮಾತಾಡುತ್ತಿದ್ದೆ.

ಗುರುವಾರ ಮನಸ್ಸಿನ ಪೆಟ್ಟಿಗೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿ, ಮುಚ್ಚಳಕ್ಕೆ ಸೀಳು ಮಾಡಿ ಇಟ್ಟೆವು. ಮನಸ್ಸಿನಲ್ಲಿರುವ ಬೇಸರ, ಭಯ, ಬೇಡಿಕೆ ಏನಿದ್ದರೂ ಹೆಸರು ಹಾಕದೆ ಬರೆದು ಹಾಕಿ ಎಂದು ನಾನೇ ಮಕ್ಕಳಿಗೆ ಹೇಳಿದೆ. ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳೂ ಬರೆದರು. ಅಷ್ಟು ಹೊತ್ತು ತಲೆ ತಗ್ಗಿಸಿ ಬರೆಯುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಬೆಲ್ಲು ಹೊಡೆದ ಮೇಲೂ ಕೆಲವರು ಬರೆಯುತ್ತಲೇ ಇದ್ದರು, ನಾನೇ ಸಾಕು ಏಳಿ ಎಂದೆ.

ಶುಕ್ರವಾರ ಮಧ್ಯಾಹ್ನ ಹೆಡ್ ಮಾಸ್ಟರು ಸ್ಟಾಫ್ ರೂಮಿಗೆ ಬಂದರು. ಚನ್ನರಾಯಪಟ್ಟಣದವರು, ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಫೈಲು ಸರಿಯಾಗಿದ್ದರೆ ಭೂಮಿ ಸರಿಯಾಗಿ ತಿರುಗುತ್ತದೆ ಎಂದು ನಂಬಿದವರು.

"ಮೇಷ್ಟ್ರೆ, ನಾಳೆ ಇಲಾಖೆ ಸಾಹೇಬ್ರು ಬತ್ತಾರಂತೆ. ಚೀಟಿಗೆಲ್ಲ ಸಹಿ ಮಾಡಿದ್ದೀರಾ?"

"ಅದು ಗುಟ್ಟಿನ ಪೆಟ್ಟಿಗೆ ಸಾರ್. ಸಹಿ ಯಾಕೆ?"

"ಪರಿಶೀಲಿಸಲಾಗಿದೆ ಅಂತ ತೋರಿಸ್ಬೇಕಲ್ಲ. ಸಹಿ ಇಲ್ದಿರೋ ಚೀಟಿ ಇಟ್ರೆ ನಾವೇ ಬರ್ದು ತುಂಬಿದ್ದೀವಿ ಅಂತಾರೆ. ದಿನಾಂಕ ಹಾಕಿ ಒಂದ್ ಸಹಿ ಎಳೀರಿ, ಮುಗೀತು."

ಸಹಿ ಎಂದರೆ ನಮ್ಮ ಮಕ್ಕಳಿಗೆ ಏನೆಂದು ಇಲ್ಲಿ ಹೇಳಬೇಕು. ಅಜ್ಜಿ ತೀರಿಕೊಂಡು ರಜೆ ಬೇಕಾದರೂ, ಮಧ್ಯಾಹ್ನ ಬೇಗ ಮನೆಗೆ ಹೋಗಬೇಕಾದರೂ, ಬೆಂಚು ಬದಲಿಸಬೇಕಾದರೂ ಅವರು ಒಂದು ಚೀಟಿ ಬರೆದು ತಂದು ನನ್ನ ಮುಂದಿಡುತ್ತಾರೆ. ನಾನು ಕೆಂಪು ಇಂಕಿನಲ್ಲಿ ದಿನಾಂಕ ಹಾಕಿ ಸಹಿ ಮಾಡಿದರೆ ಕೇಳಿದ್ದು ಸಿಕ್ಕಿತು. ಮಾಡದೆ ಹಿಂದಕ್ಕೆ ಕೊಟ್ಟರೆ ಇಲ್ಲ. ಇಪ್ಪತ್ನಾಲ್ಕು ವರ್ಷದಿಂದ ಇದೇ ನಡೆದು ಬಂದಿದೆ. ಅದನ್ನು ಜಾರಿಗೆ ತಂದವನೂ ನಾನೇ.

ಚೀಟಿಗಳನ್ನು ಮೇಜಿನ ಮೇಲೆ ಸುರಿದುಕೊಂಡೆ. ಎಡಗೈಯಲ್ಲಿ ಕಾಫಿ, ಬಲಗೈಯಲ್ಲಿ ಕೆಂಪು ಪೆನ್ನು. ಡ್ರಿಲ್ ಮೇಷ್ಟ್ರು ಅರಕಲಗೂಡಿನಲ್ಲಿ ತಮ್ಮ ಮೈದುನನ ಮದುವೆಯಲ್ಲಿ ಊಟಕ್ಕೆ ನಡೆದ ಜಗಳ ಹೇಳುತ್ತಿದ್ದರು. ನಾನು ನಗುತ್ತಾ ಚೀಟಿ ಎಳೆದುಕೊಳ್ಳುವುದು, ಮೂಲೆಯಲ್ಲಿ ಸಹಿ, ಆಚೆ ತಳ್ಳುವುದು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಬಸ್ಸಿನಲ್ಲಿ ಕೂತು ಎಷ್ಟು ಆಡಿಕೊಂಡಿದ್ದೆನೋ. ಕಾಫಿ ಆರುವ ಮೊದಲೇ ನಲವತ್ತೊಂದೂ ಮುಗಿದವು. ಒಂದನ್ನೂ ಓದಲಿಲ್ಲ.

ಸಂಜೆ ಇನ್ನೊಂದು ತೊಡಕು ಬಂತು. ಡ್ರಿಲ್ ಮೇಷ್ಟ್ರು ವರಾಂಡದ ಗೋಡೆಯ ಮೇಲೆ ನಾಲ್ಕು ಡ್ರಾಯಿಂಗ್ ಶೀಟು ಜೋಡಿಸಿ ಕೃತಜ್ಞತೆಯ ಮರ ಬಿಡಿಸಿದ್ದರು. ಉತ್ಸಾಹದಲ್ಲಿ ಮರ ದೊಡ್ಡದಾಗಿಬಿಟ್ಟಿತ್ತು. ಹಸಿರು ಎಲೆಗಳನ್ನೆಲ್ಲ ಅಂಟಿಸಿದರೂ ಅರ್ಧ ಬೋಳಾಗಿ ಕಾಣುತ್ತಿತ್ತು. ಹೆಡ್ ಮಾಸ್ಟರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದರು.

"ಆ ಚೀಟಿಗಳನ್ನೂ ಅಂಟಿಸ್ಬುಡಿ ಮೇಷ್ಟ್ರೆ. ಸಹಿ ಆಗಿದ್ಯಲ್ಲ."

"ಅವು ಮಕ್ಕಳು ಗುಟ್ಟಾಗಿ ಬರೆದದ್ದು ಸಾರ್."

"ಹೆಸರಿಲ್ವಲ್ಲ, ಬುಡಿ."

ನಾನು ಬಿಟ್ಟೆ. ಐದೂಕಾಲರ ಬಸ್ಸು ತಪ್ಪುತ್ತಿತ್ತು. ಶನಿವಾರ ಬೆಳಿಗ್ಗೆ ಮಕ್ಕಳು ಬಂದು ನೋಡುವ ಹೊತ್ತಿಗೆ ಅವರ ಮನಸ್ಸಿನಲ್ಲಿದ್ದದ್ದೆಲ್ಲ ಗೋಡೆಯ ಮೇಲಿತ್ತು. ಮೊದಲು ನೂಕುನುಗ್ಗಲು, ಆಮೇಲೆ ಕಿಸಕ್ಕನೆ ನಗು, ಆಮೇಲೆ ಒಬ್ಬೊಬ್ಬರೇ ಸುಮ್ಮನಾಗಿ ಆಚೆ ಹೋಗಿ ನಿಂತರು. ಹತ್ತು ವರ್ಷ ಜೊತೆಯಲ್ಲಿ ಓದಿದ ಮಕ್ಕಳಿಗೆ ಒಬ್ಬರ ಅಕ್ಷರ ಒಬ್ಬರಿಗೆ ಗೊತ್ತಿರುವುದಿಲ್ಲವೇ? ನಾವು ಮೇಷ್ಟ್ರುಗಳು ಮಾತ್ರ ಹೆಸರಿಲ್ಲ ಎಂದುಕೊಂಡಿದ್ದೆವು.

ಸಾಹೇಬರು ಹನ್ನೊಂದಕ್ಕೆ ಬಂದರು. ಮರದ ಮುಂದೆ ಎರಡು ನಿಮಿಷ ನಿಂತರು. ಒಂದು ಚೀಟಿಯನ್ನೂ ಓದಲಿಲ್ಲ, ಆದರೆ ಬೆರಳಿಟ್ಟು ಸಹಿಗಳನ್ನು ನೋಡಿದರು. "ಪ್ರತಿಯೊಂದಕ್ಕೂ ಸಹಿ ಆಗಿದೆ, ವೆರಿ ಗುಡ್. ಬೇರೆ ಶಾಲೆಯಲ್ಲಿ ಇಷ್ಟು ಮಾಡಿಲ್ಲ" ಎಂದರು. ಹೆಡ್ ಮಾಸ್ಟರು ನನ್ನನ್ನು ಮುಂದಕ್ಕೆ ಕರೆದು ತೋರಿಸಿದರು. ನಾನು ಕೈಮುಗಿದೆ. ಮರದ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡೆವು. ಆ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ, ನಾನು ಅದರಲ್ಲಿ ನಗುತ್ತಿದ್ದೇನೆ.

ಸೋಮವಾರ ಮೊದಲ ಪೀರಿಯಡ್ಡು ದೊಡ್ಡ ಕೋಣೆಯಲ್ಲಿ ತ್ರಿಕೋನಮಿತಿ ಶುರು ಮಾಡಬೇಕಿತ್ತು. ಹಾಜರಿ ಪುಸ್ತಕ ಹಿಡಿದು ಒಳಗೆ ಹೋದರೆ ಮಕ್ಕಳೆಲ್ಲ ಒಂದೇ ಕಡೆ ತಿರುಗಿ ನೋಡುತ್ತಿದ್ದರು. ಹುಡುಗಿಯರ ಕಡೆ ಮೂರನೆಯ ಬೆಂಚಿನ ತುದಿಯಲ್ಲಿ ಆಸ್ಪತ್ರೆಯಿಂದ ಪರೀಕ್ಷೆಗೆ ಬಂದಿದ್ದ ಆ ಹುಡುಗಿ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದಳು. ಬೆಂಚಿನ ಮೇಲೆ ಹೊಸ ನೋಟ್‌ಬುಕ್ಕು, ಅದಕ್ಕೆ ಹೊಸದಾಗಿ ಹಾಕಿದ ಕಾಗದದ ರಟ್ಟು.

"ನೀನು ಇಲ್ಲೇನಮ್ಮ?" ಎಂದೆ.

ಅವಳು ಎದ್ದು ನಿಂತಳು. "ನೀವೇ ಸೈನ್ ಆಕಿದ್ರಲ್ಲ ಸಾ."

"ಯಾವುದಕ್ಕೆ?"

ಅವಳು ಗಣಿತದ ಪಠ್ಯಪುಸ್ತಕ ತೆಗೆದು, ಅದರೊಳಗಿಂದ ಒಂದು ಚೀಟಿ ಕೊಟ್ಟಳು. ಗೋಡೆಯಿಂದ ಹರಿಯದಂತೆ ಬಿಡಿಸಿಕೊಂಡಿದ್ದಳು, ಹಿಂದೆ ಗೋಂದಿನ ಕಲೆ ಇತ್ತು. ನಾನು ಮೊದಲ ಸಲ ಓದಿದೆ.

'ನನಗೆ ಪಾಸಾಗುವಷ್ಟು ಪಾಠ ಬೇಡ, ಪೂರ್ತಿ ಪಾಠ ಬೇಕು. ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಇದ್ದಾಗ ತಪ್ಪಿದ ಪಾಠಗಳನ್ನು ನಾನೇ ಓದಿಕೊಳ್ಳುತ್ತೇನೆ. ಸೋಮವಾರದಿಂದ ದೊಡ್ಡ ರೂಮಿನಲ್ಲಿ ಕೂರಲು ಅನುಮತಿ ಕೊಡಬೇಕು ಸಾರ್.'

ಕೆಳಗೆ ಬಲ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ದಿನಾಂಕ, ಅದರ ಪಕ್ಕದಲ್ಲಿ ನನ್ನ ಸಹಿ. ಯಾವ ರಜಾ ಚೀಟಿಗೂ ನಾನು ಅಷ್ಟು ಚೆನ್ನಾಗಿ ಸಹಿ ಮಾಡಿದ್ದಿಲ್ಲ. ಅವಳು ಶನಿವಾರ ಅದನ್ನು ನೋಡಿ, ಭಾನುವಾರ ನೋಟ್‌ಬುಕ್ಕು ಕೊಂಡು, ರಟ್ಟು ಹಾಕಿ, ಸೋಮವಾರ ಬಂದು ಕೂತಿದ್ದಾಳೆ. ವರ್ಷದ ನಡುವೆ ಹೊಸದಾಗಿ ಆರಂಭಿಸಿ ಎಂದು ನಾವು ಒಂದು ವಾರ ಊದಿ ಹೇಳಿದ್ದನ್ನು ಇಡೀ ಶಾಲೆಯಲ್ಲಿ ನಂಬಿದವಳು ಅವಳೊಬ್ಬಳೇ.

ಇಪ್ಪತ್ತೊಂಬತ್ತು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

"ಓದಿರ್ನಿಲ್ವ ಸಾ?" ಎಂದಳು ಮೆಲ್ಲಗೆ.

"ಓದಿದ್ದೆ. ಮರೆತುಹೋಗಿತ್ತು," ಎಂದೆ. "ಇವತ್ತು ಆ ಕೋಣೆಗೇ ಹೋಗಿರಮ್ಮ. ನಾನು ಹೆಡ್ ಮಾಸ್ಟ್ರ ಹತ್ತಿರ ಮಾತಾಡ್ತೀನಿ."

ಅವಳು ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿದಳು. ಪೆನ್ಸಿಲನ್ನು ಹಾಕಿದಳು. ಬ್ಯಾಗಿನ ಜಿಪ್ಪು ಕೆಟ್ಟಿತ್ತು, ಅದನ್ನು ಎಳೆಯಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಹೊತ್ತೂ ಕೋಣೆ ಕಾಯಿತು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಆ ಒಂದು ಪೀರಿಯಡ್ಡಿನಲ್ಲಿ ನಾನು ತ್ರಿಕೋನಮಿತಿ ಏನು ಹೇಳಿದೆನೋ ನನಗೆ ನೆನಪಿಲ್ಲ.

ಬೆಲ್ಲು ಹೊಡೆದ ಕೂಡಲೇ ಹೆಡ್ ಮಾಸ್ಟರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಬ್ಳನ್ನ ಬುಟ್ರೆ ನಾಳೆ ಹನ್ನೆರಡೂ ಜನ ಚೀಟಿ ಬರ್ಕಂಡ್ ಬತ್ತಾರೆ ಮೇಷ್ಟ್ರೆ."

"ಬರಲಿ ಸಾರ್."

"ಬಂದು? ಅಲ್ಲೂ ಇಲ್ದೆ ಇಲ್ಲೂ ಇಲ್ದೆ ಫೇಲಾದ್ರೆ? ಫಲಿತಾಂಶ ಇಳಿದ್ರೆ ನೋಟಿಸು ಬರೋದು ನಂಗೆ. ಪೆನ್ಷನ್ ಕಾಗದದ ಜೊತೇಲಿ ಅದೂ ಸೇರ್ಕತದೆ."

"ಅವಳು ಆ ಪಟ್ಟಿಯವಳಲ್ಲ ಸಾರ್. ತಾಯಿಗೆ ಆಪರೇಷನ್ ಆಗಿತ್ತು."

"ಅದು ನಿಮ್ಗೆ ಆಗ ಗೊತ್ತಿರ್ನಿಲ್ವ? ಹದಿನೇಳು ಅಂತ ಓದಿದ್ದು ಯಾರು?"

ಒಂದು ವಾರದಿಂದ ನಾನು ಈ ಮನುಷ್ಯನನ್ನು ಬಸ್ಸಿನ ತುಂಬ ಆಡಿಕೊಂಡಿದ್ದೆ. ಅವರ ಫೈಲು, ಅವರ ಮರ, ಅವರ ಕೈ ಕಟ್ಟಿದ ಓಡಾಟ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಹೊಡೆಯಲು ಹೋಗುವವನ ಪೈಕಿ ನಾನು. ಆ ಮನುಷ್ಯನಿಗಾದರೂ ನೋಟಿಸಿನ ಹೆದರಿಕೆ ಇತ್ತು. ನನಗೆ ಇದ್ದದ್ದು ಬರೀ ಸೊಕ್ಕು.

"ಅಷ್ಟೊಂದು ಕಾಳಜಿ ಇದ್ರೆ ಆ ಕೋಣೇಲೇ ಎಲ್ಲಾನೂ ಹೇಳ್ಕೊಡಿ," ಎಂದರು ಕನ್ನಡಕ ಹಾಕಿಕೊಳ್ಳುತ್ತಾ. "ನಾನೇನು ಬ್ಯಾಡ ಅಂದ್ನಾ? ಪ್ಯಾಕೇಜು ಮುಗ್ಸಿ, ಮಿಕ್ಕಿದ್ದು ಬೆಳಿಗ್ಗೆ ಒಂದ್ ಗಂಟೆ ಮುಂಚೆ ಬಂದು ಮಾಡಿ." ನಾನು ಬರುವವನಲ್ಲ ಎಂದು ಗೊತ್ತಿದ್ದೇ ಹೇಳಿದ ಮಾತು ಅದು. ಫೋನಿನ ರಿಜಿಸ್ಟರಿನಲ್ಲಿ ನಾನು ಬರೆದ ಸುಳ್ಳನ್ನು ಅವರೂ ನೋಡಿದ್ದರು.

ಸೇಡಿಗೋ, ನಾಚಿಕೆಗೋ, ಮರುದಿನ ಮುಂಚಿನ ಬಸ್ಸು ಹಿಡಿದೆ. ಹಾಸನ ಬಿಡುವಾಗ ಇನ್ನೂ ಮಂಜು ಇತ್ತು, ಬಸ್ಸಿನಲ್ಲಿ ನನ್ನ ಹಾಸ್ಯ ಕೇಳಲು ಯಾರೂ ಇರಲಿಲ್ಲ. ಹನ್ನೆರಡು ಮಕ್ಕಳಿಗೂ ಹೇಳಿ ಕಳಿಸಿದ್ದೆ, ಒಂಬತ್ತು ಮಂದಿ ಬಂದಿದ್ದರು. ಗೆದ್ದಲು ತಿಂದ ಮನುಷ್ಯನ ಪಟದ ಪಕ್ಕದ ಬೋರ್ಡನ್ನು ಒರೆಸಿ, ಒಂದು ಲಂಬಕೋನ ತ್ರಿಭುಜ ಬರೆದೆ.

ಮುಂದಿನ ಸಾಲಿನ ಹುಡುಗನೊಬ್ಬ ಅನುಮಾನದಿಂದ ನೋಡಿದ. "ಇದು ಪ್ಯಾಕೇಜಲ್ಲಿ ಇಲ್ಲ ಕಣ್ ಸಾ."

"ಇಲ್ಲ."

"ಮತ್ಯಾಕ್ ಸಾ?"

ಪಾಸಾಗುವಷ್ಟು ಸಾಕು ಎಂದು ನಾವೇ ಒಂದು ತಿಂಗಳು ಹೇಳಿ ನಂಬಿಸಿದ್ದೆವು, ಅವನು ನಂಬಿದ್ದ. "ಇದು ನಿಮ್ಮ ಪುಸ್ತಕದಲ್ಲಿದೆ, ಅದಕ್ಕೆ" ಎಂದೆ. ಹಿಂದಿನ ಬೆಂಚಿನಲ್ಲಿ ಅವಳು ರಟ್ಟು ಹಾಕಿದ ನೋಟ್‌ಬುಕ್ಕು ತೆಗೆದು ತ್ರಿಭುಜ ಬರೆದುಕೊಂಡಳು. ತಲೆ ಎತ್ತಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಕೆಲವು ದಿನ ಒಂಬತ್ತು ಜನ, ಕೆಲವು ದಿನ ಐದು. ಅವಳು ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ನನ್ನೊಡನೆ ಮಾತಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಷ್ಟೆ. ಹಿಂದೆ ನನ್ನ ಏಳು ಸಾಲಿಗೆ ನಾಲ್ಕು ಸಾಲು ತೋರಿಸುತ್ತಿದ್ದ ಹುಡುಗಿ ಈಗ ಬೋರ್ಡಿನ ಮೇಲಿದ್ದದ್ದನ್ನು ಹಾಗೇ ಬರೆದುಕೊಳ್ಳುತ್ತಿದ್ದಳು. ಮೇಷ್ಟ್ರ ಮೇಲೆ ಮಕ್ಕಳಿಗೆ ಸಿಟ್ಟು ಬರುವುದು ನನಗೆ ಗೊತ್ತು, ಅದು ಎರಡು ದಿನದ್ದು. ಇದು ಸಿಟ್ಟಲ್ಲ. ನಾನು ಆ ಬಲೂನಿನ ಹುಡುಗಿಯನ್ನು, ಹೆಡ್ ಮಾಸ್ಟರನ್ನು, ಸಾಹೇಬರನ್ನು ನೋಡುತ್ತಿದ್ದೆನಲ್ಲ, ಹದಿನೈದು ವರ್ಷದ ಈ ಹುಡುಗಿ ನನ್ನನ್ನು ಹಾಗೆ ನೋಡುತ್ತಿದ್ದಳು. ಅವಳದು ತಪ್ಪಾಗಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಪಾಠ ಮುಗಿದು ಉಳಿದವರೆಲ್ಲ ಪ್ರಾರ್ಥನೆಗೆ ಹೋದ ಮೇಲೆ ಅವಳು ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟಳು. ಅಧ್ಯಾಯದ ಕೊನೆಯ ಅಭ್ಯಾಸದ ಲೆಕ್ಕಗಳನ್ನೆಲ್ಲ, ನಾನು ಹೇಳಿಕೊಡದಿದ್ದವನ್ನೂ, ಮನೆಯಲ್ಲಿ ಬಿಡಿಸಿ ತಂದಿದ್ದಳು. ಆರು ಪುಟ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊರಗೆ ಪ್ರಾರ್ಥನೆಯ ಬೆಲ್ಲು ಹೊಡೆಯುತ್ತಿತ್ತು, ಹೆಡ್ ಮಾಸ್ಟರು ಅಂಗಳದಲ್ಲಿ ನಿಂತಿದ್ದರು. "ಭೇಷ್ ಕಣಮ್ಮ" ಎಂದು ಹೇಳುತ್ತಾ ಕೈ ತಾನಾಗಿಯೇ ಜೇಬಿಗೆ ಹೋಯಿತು, ಹಲ್ಲಿನಲ್ಲಿ ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಆರನೆಯ ಪುಟ ತಿರುಗಿಸಿ ಮೂಲೆ ಹುಡುಕಿದೆ.

ಅವಳು ತನ್ನ ಅಂಗೈಯನ್ನು ಪುಟದ ಮೇಲಿಟ್ಟಳು. ಪೂರ್ತಿ ಮುಚ್ಚುವ ಹಾಗೆ, ಬೆರಳು ಅಗಲಿಸಿ.

"ಸೈನ್ ಆಮೇಲಾಕಿ ಸಾ," ಎಂದಳು. "ಮೊದ್ಲು ಓದಿ."